ಹಳೇ ಪಿಕಪ್ ಡೀಸೆಲ್ ಟ್ಯಾಂಕ್ ಸೋರುತ್ತಿದೆ. ವೆಲ್ಡಿಂಗ್ ಮಾಡಿಸಲಾ, ಬದಲಿಸಲಾ?

ಅಣ್ಣಿಗೇರಿ ಪಿಕಪ್:

ನಮಸ್ಕಾರ ರೀ ಎಲ್ಲರಿಗೂ. ನನ್ನದು 2007ರ ಡೀಸೆಲ್ ಪಿಕಪ್. ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಬಾಡಿಗೆ ಹೊಡೆಯುತ್ತೇನೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಸೀಸನ್ ಬಂದಾಗ ಕಡಲೆ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲಿನವರು ಇದರಲ್ಲಿ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿಸಿ ಮೀನು ತರುತ್ತಿದ್ದರು. ವಾಸನೆ ಹೋಗೋಕೇ ಎರಡು ಮಳೆಗಾಲ ಬೇಕಾಯ್ತು.

ಹೋದ ವಾರ ಬೆಳಿಗ್ಗೆ ನೋಡಿದರೆ ಗಾಡಿ ಕೆಳಗೆ ಊಟದ ತಟ್ಟೆಯಷ್ಟು ಅಗಲ ನೆಲ ತೊಯ್ದಿದೆ. ಮುಟ್ಟಿ ಮೂಸಿದೆ, ಡೀಸೆಲ್. ಮನೆಯವಳು ಅಂಗಳ ಸಾರಿಸಿದ್ದು ಹಾಳಾಯ್ತು ಅಂತ ಬೈದು ಒಂದು ಹಳೇ ಬೋಗುಣಿ ಇಟ್ಟಳು. ಮರುದಿನ ಬೆಳಗಾಗುವುದರೊಳಗೆ ಒಂದು ತಂಬಿಗೆ ಆಗುವಷ್ಟು ಎಣ್ಣೆ. ಬಟ್ಟೆ ಸೋಪು ಉಜ್ಜಿದೆ, ಎರಡು ದಿನ ನಿಂತಿತು. ಮೂರನೇ ದಿನ ಮತ್ತೆ ಶುರು.

ಇನ್ನೊಂದು ತೊಂದರೆ. ಲೋಡ್ ಇದ್ದಾಗ ಉಣಕಲ್ ಹತ್ತಿರ ಏರಿನಲ್ಲಿ ಗಾಡಿ ಎಳೆಯೋದಿಲ್ಲ, ಜರ್ಕ್ ಹೊಡೆಯುತ್ತದೆ. ಫಿಲ್ಟರ್ ಬಿಚ್ಚಿದರೆ ಒಳಗೆ ಕಾವಿ ಕಲಸಿದ ಹಾಗೆ ಕೆಂಪು ರಾಡಿ. ಎರಡು ತಿಂಗಳಲ್ಲಿ ಮೂರು ಫಿಲ್ಟರ್ ಹೋದವು.

ಒಬ್ಬ ವೆಲ್ಡಿಂಗ್‌ನವನು "ಬಿಚ್ಚಿಕೊಂಡು ಬಾ, ನೀರು ಹಾಕಿ ತೊಳೆದು ಅರ್ಧ ತಾಸಿನಲ್ಲಿ ಮಾಡಿಕೊಡ್ತೀನಿ" ಅಂದ. ಇನ್ನೊಬ್ಬ ಟ್ಯಾಂಕ್ ಅಂದ ಕೂಡಲೇ ಕೈಯಾಡಿಸಿ ಕಳಿಸಿದ. ಮುಂದಿನ ತಿಂಗಳು ಎಫ್‌ಸಿ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟ್) ಇದೆ. 8 ವರ್ಷ ದಾಟಿದ ಗಾಡಿ ಅಂದಮೇಲೆ ವರ್ಷಾ ಅದೇ ಗೋಳು. ಏನು ಮಾಡಲಿ?

ಧಾರವಾಡ ಹುಡುಗ:

ಎರಡು ಬಣ್ಣದ ಮುದ್ದೆ ಕಲಸಿ ಹಚ್ಚೋ ಸೀಲ್ ಬರುತ್ತಲ್ವಾ ಅಣ್ಣಾ, ಅದನ್ನು ಹಚ್ಚಿ. ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿಗೆ ಹಚ್ಚಿ ಐದು ವರ್ಷ ಆಯ್ತು.

ಬೆಟಗೇರಿ ಮಿಸ್ತ್ರಿ:

ತಮ್ಮಾ, ನೀರಿನ ಟ್ಯಾಂಕಿ ಬೇರೆ, ಇದು ಬೇರೆ. ಡೀಸೆಲ್ ಕುಡಿದ ಜಂಗಿನ ಮೇಲೆ ಯಾವ ಮುದ್ದೆಯೂ ಹಿಡಿಯೋದಿಲ್ಲ. ಊರು ಮುಟ್ಟೋ ತನಕ ಸೋಪು ಸಾಕು.

ಅಣ್ಣಿಗೇರಿ ಅಣ್ಣಾರಿಗೆ ಒಂದೇ ಮಾತು. ವೆಲ್ಡಿಂಗ್ ಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಎಣ್ಣೆ ಹೊರಗೆ ಚೆಲ್ಲಿದರೂ ಜಂಗಿನ ಹೊಪ್ಪಳಿಕೆಯಲ್ಲಿ, ಮೂಲೆ ಮಡಿಕೆಯಲ್ಲಿ ಹನಿ ಉಳಿದಿರುತ್ತದೆ. ವೆಲ್ಡಿಂಗ್ ಶಾಖಕ್ಕೆ ಅದೆಲ್ಲ ಆವಿಯಾಗಿ ಒಳಗಿನ ಗಾಳಿ ಜೊತೆ ಕಲೆಯುತ್ತದೆ. ಆಮೇಲೆ ಒಂದು ಕಿಡಿ ಸಾಕು. ಡೀಸೆಲ್‌ಗೆ ಬೆಂಕಿ ಸುಲಭಕ್ಕೆ ಹತ್ತೋದಿಲ್ಲ ಅಂತ ಧೈರ್ಯ ಮಾಡುತ್ತಾರೆ. ತಣ್ಣಗಿದ್ದಾಗ ಮಾತ್ರ ಅದು ನಿಜ. ನಾನು ಕೆಲಸ ಕಲಿಯುವಾಗ ನಮ್ಮ ಎದುರಿನ ಶೆಡ್‌ನಲ್ಲಿ ಖಾಲಿ ಬ್ಯಾರಲ್ ಮೇಲೆ ವೆಲ್ಡಿಂಗ್ ಟಾರ್ಚ್ ಇಟ್ಟರು. ಮುಚ್ಚಳ ತಗಡಿನ ಚಾವಣಿ ಸೀಳಿಕೊಂಡು ಹೋಯ್ತು. ಹುಡುಗ ಚಹಾ ತರಲು ಹೋಗಿದ್ದ, ಉಳಿದ. ಉಗಿ ಹಾಯಿಸಿ ತೊಳೆದು, ಬೆಸುಗೆ ಜಾಗದ ತನಕ ನೀರು ತುಂಬಿ, ಆವಿ ಹೋಗೋಕೆ ದಾರಿ ಬಿಟ್ಟು ಮಾಡೋರು ಇದ್ದಾರೆ. ಅರ್ಧ ತಾಸಿನಲ್ಲಿ ಅದೆಲ್ಲ ಆಗೋದಿಲ್ಲ.

ಇನ್ನೊಂದು, ಎಲ್ಲಿ ಹನಿ ಬೀಳುತ್ತೋ ಅಲ್ಲೇ ತೂತು ಅಂತ ತಿಳಿಯಬೇಡಿ. ಟ್ಯಾಂಕನ್ನು ಚಾಸಿಗೆ ಬಿಗಿದ ಪಟ್ಟಿ ಇರುತ್ತಲ್ಲ, ಅದರ ಕೆಳಗೆ ರಬ್ಬರ್ ಇರುತ್ತದೆ. ಆ ರಬ್ಬರ್ ಎಬ್ಬಿಸಿ ನೋಡಿ. ನಮ್ಮ ಕಡೆ ಎರೆಮಣ್ಣು ಅಲ್ಲಿ ಹೊಕ್ಕರೆ ವಾರಗಟ್ಟಲೆ ಒಣಗೋದಿಲ್ಲ. ನಿಮ್ಮ ಗಾಡಿಯಲ್ಲಿ ಮೀನಿನ ಪೆಟ್ಟಿಗೆಯ ಉಪ್ಪುನೀರು ಬೇರೆ ಇಳಿದಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಟಣ್ ಅಂದರೆ ತಗಡು ಗಟ್ಟಿ. ಥಪ್ ಅಂದರೆ ಅಲ್ಲಿ ಬರೀ ಪೇಂಟ್ ಉಳಿದಿದೆ.

ರಾಣೆಬೆನ್ನೂರು ರೋಡ್:

ಮಿಸ್ತ್ರಿ ಕಾಕಾ ಹೇಳಿದ್ದು ಸರಿ. ಬದಲಿಸೋದೇ. ಆದರೆ ಲೋಕಲ್ ಫ್ಯಾಬ್ರಿಕೇಶನ್‌ನಲ್ಲಿ ಮಾಡಿಸೋದಾದರೆ ಹುಷಾರು, ನಾನು ಕೈ ಸುಟ್ಟುಕೊಂಡಿದ್ದೇನೆ. ತಗಡು ದಪ್ಪ ಇತ್ತು, ಪೇಂಟ್ ಚೆನ್ನಾಗಿತ್ತು. ಒಳಗೆ ಅಡ್ಡ ತಗಡು ಮಾತ್ರ ಹಾಕಿರಲಿಲ್ಲ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ಸಾಕು, ತಿರುವಿನಲ್ಲಿ ಎಣ್ಣೆ ಎಲ್ಲಾ ಒಂದು ಕಡೆ ಹೋಗಿ ಪೈಪು ಗಾಳಿ ಎಳೆಯುತ್ತಿತ್ತು. ಮೋಟೆಬೆನ್ನೂರು ಹತ್ತಿರ ರಾತ್ರಿ ಹನ್ನೊಂದಕ್ಕೆ ನಿಂತೆ. ಪೈಪಿನ ಗಾಳಿ ತೆಗೆಯೋ ಹ್ಯಾಂಡ್ ಪಂಪ್ ಒತ್ತಿ ಒತ್ತಿ ಹೆಬ್ಬೆರಳು ಬಾತಿತ್ತು. ಅಡಿಯಲ್ಲಿ ಡ್ರೈನ್ ಬೋಲ್ಟ್ ಇದೆಯಾ, ಎಣ್ಣೆ ಎಷ್ಟಿದೆ ತೋರಿಸೋ ಗೇಜಿನ ಫ್ಲೋಟ್ ಕೂರುವ ತೂತು ಹಳೇದಕ್ಕೆ ಸರಿ ಇದೆಯಾ ಅಂತಲೂ ನೋಡಿ.

ಫಿಲ್ಟರ್‌ನ ಕೆಂಪು ರಾಡಿ ಒಳಗಿನ ಜಂಗು. ರಾತ್ರಿ ಅರ್ಧ ಖಾಲಿ ಟ್ಯಾಂಕ್ ನಿಂತರೆ ಒಳಗೆ ಇಬ್ಬನಿ ಕೂರುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಹೋಗಿ ಅಲ್ಲೇ ತಿನ್ನುತ್ತದೆ. ಸಂಜೆ ತುಂಬಿಸಿ ನಿಲ್ಲಿಸಿ ಅಂತ ಹೇಳೋದು ಸುಲಭ. ದಿನದ ಬಾಡಿಗೆ ನೋಡಿ ಎಣ್ಣೆ ಹಾಕಿಸೋರು ನಾವು. ಡ್ರೈನ್ ಬೋಲ್ಟ್ ಆಗಾಗ ಸಡಿಲಿಸಿ ಒಂದು ಲೋಟ ಬಿಟ್ಟು ನೋಡೋದಾದರೂ ಮಾಡಬಹುದು.

ಅಣ್ಣಿಗೇರಿ ಪಿಕಪ್:

ಎಲ್ಲರಿಗೂ ಥ್ಯಾಂಕ್ಸ್ ರೀ. ಭಾನುವಾರ ಕೆಲಸ ಮುಗಿಸಿದೆ. ಬರೆದು ಹಾಕುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಹೊಸದರ ರೇಟ್ ಕೇಳಿ ಸುಮ್ನೆ ವಾಪಸ್ ಬಂದೆ. ಹುಬ್ಬಳ್ಳಿ ಗುಜರಿಯಲ್ಲಿ ಇದೇ ಮಾಡೆಲ್‌ನ ಟ್ಯಾಂಕ್ ಸಿಕ್ಕಿತು. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಅಡ್ಡ ತಗಡು ಇದ್ದವು, ಜಂಗು ತೆಳುವಾಗಿ ಕಂದು ಬಣ್ಣ ಅಷ್ಟೇ. ಬಾಯಿಗಳನ್ನೆಲ್ಲ ಬಟ್ಟೆ, ರಬ್ಬರ್ ತುರುಕಿ ಮುಚ್ಚಿ, ಒಂದು ಪೈಪಿಗೆ ಬಾಯಲ್ಲೇ ಊದಿದೆ. ಅಳಿಯ ಹೊರಗೆ ಸೋಪಿನ ನೀರು ಸವರಿದ. ಗುಳ್ಳೆ ಎಲ್ಲೂ ಬರಲಿಲ್ಲ. ಗುಜರಿಯವನು ಕಂಪ್ರೆಸರ್ ಗಾಳಿ ಕೊಡ್ತೀನಿ ಅಂದಿದ್ದ. ಬೇಡ ಅಂದೆ, ತಗಡು ಉಬ್ಬಿಹೋಗುತ್ತದೆ. ಮನೆಗೆ ತಂದು ಹಳೇ ಸೈಕಲ್ ಚೈನಿಗೆ ತಂತಿ ಕಟ್ಟಿ ಒಳಗೆ ಬಿಟ್ಟು, ಎರಡು ಲೀಟರ್ ಡೀಸೆಲ್ ಹಾಕಿ ಕುಲುಕಾಡಿಸಿದೆವು. ಜಲ್ಲಿ ಹಾಕಿದರೆ ಅಡ್ಡ ತಗಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚೈನ್ ತಂತಿ ಹಿಡಿದು ಎಳೆದರೆ ಬರುತ್ತದೆ. ಮೂರು ಸಲ ಡೀಸೆಲ್ ಬದಲಿಸಿದ ಮೇಲೆ ಹಸನಾಗಿ ಬಂತು.

ಬಿಚ್ಚೋದೇ ದೊಡ್ಡ ಕೆಲಸ. ಬ್ಯಾಟರಿ ವೈರ್ ತೆಗೆದು, ಎಣ್ಣೆ ಕ್ಯಾನ್‌ಗೆ ಇಳಿಸಿದೆ. ಪೂರ್ತಿ ಇಳಿಸಿ ಬಿಚ್ಚಿರಿ. 50 ಲೀಟರ್ ಎಣ್ಣೆ ಅಂದರೆ 40 ಕೆಜಿ ಮೇಲೆ, ಕೈಯಲ್ಲಿ ತಡೆಯೋಕಾಗಲ್ಲ. ಹಿಂದಿನ ರಾತ್ರಿಯೇ ಪಟ್ಟಿಯ ಬೋಲ್ಟ್‌ಗಳಿಗೆ ಡೀಸೆಲ್ ಹಚ್ಚಿದ್ದೆ. ಆದರೂ ನಾಲ್ಕರಲ್ಲಿ ಒಂದು ಪಾನಾ ಹಾಕಿದ ಕೂಡಲೇ ಕಟ್ ಅಂತ ಮುರಿಯಿತು. ಪಟ್ಟಿ ಇಳಿಸಿ ರಬ್ಬರ್ ಎಬ್ಬಿಸಿದೆ. ಮಿಸ್ತ್ರಿ ಅಣ್ಣಾ, ನೀವು ಹೇಳಿದ್ದೇ ಜಾಗ. ರಬ್ಬರ್ ಜೊತೆ ತಗಡೂ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಕರಿಮಣ್ಣು, ಅದರೊಳಗೆ ಎರಡು ಮೀನಿನ ಹುರುಪೆ! ಮೂರು ವರ್ಷ ಆಗಿದೆ ರೀ.

ಎರಡು ಪೈಪು ಒಂದೇ ತರಹ ಇದ್ದವು, ಒಂದು ಇಂಜಿನ್‌ಗೆ ಹೋಗೋದು, ಒಂದು ಮಿಕ್ಕ ಎಣ್ಣೆ ವಾಪಸ್ ಬರೋ ರಿಟರ್ನ್. ಅಳಿಯ ಒಂದಕ್ಕೆ ಕೆಂಪು ದಾರ ಕಟ್ಟಿದ್ದ, ಬಚಾವ್. ಫ್ಲೋಟ್ ಹಳೇದೇ ಕೂತಿತು. ಐದು ಸ್ಕ್ರೂ ತೂತಿನ ಅಂತರ ಸಮ ಇಲ್ಲ, ಒಂದೇ ದಿಕ್ಕಿಗೆ ಕೂರುತ್ತದೆ. ಅದು ತಿಳಿಯೋಕೆ ಕಾಲು ತಾಸು ಹೋಯ್ತು. ಪಟ್ಟಿ ಕೆಳಗೆ ಹೊಸ ರಬ್ಬರ್ ಹಾಕಿ, ಎರಡೂ ಕಡೆ ಗ್ರೀಸ್ ಬಳಿದೆ. ಹೊಸ ಫಿಲ್ಟರ್, ಆಮೇಲೆ ಗುಳ್ಳೆ ನಿಲ್ಲೋ ತನಕ ಹ್ಯಾಂಡ್ ಪಂಪ್. ಎರಡನೇ ಸಲ ಸೆಲ್ಫ್ ಹೊಡೆದಾಗ ಇಂಜಿನ್ ಹಿಡಿಯಿತು. ನಿನ್ನೆ ಪೂರ್ತಿ ಲೋಡಿನಲ್ಲಿ ಉಣಕಲ್ ದಾಟಿದೆ, ಜರ್ಕ್ ಇಲ್ಲ.

ಬೆಟಗೇರಿ ಮಿಸ್ತ್ರಿ:

ಭೇಷ್. ಒಂದು ವಾರ ಬಿಟ್ಟು ಆ ಪಟ್ಟಿ ಮತ್ತೊಮ್ಮೆ ಬಿಗಿ ಮಾಡಿ, ಹೊಸ ರಬ್ಬರ್ ಕೂತು ಸಡಿಲ ಆಗಿರುತ್ತದೆ. ಹೊಸ ಫಿಲ್ಟರನ್ನೂ ತಿಂಗಳೊಳಗೆ ಬಿಚ್ಚಿ ನೋಡಿ. ಹಳೇ ಟ್ಯಾಂಕ್ ಏನು ಮಾಡಿದಿರಿ?

ಅಣ್ಣಿಗೇರಿ ಪಿಕಪ್:

ಪಕ್ಕದ ಮನೆ ಕಾಕಾ ಎತ್ತುಗಳಿಗೆ ನೀರಿನ ಬಾನಿ ಮಾಡ್ತೀನಿ, ಗ್ಯಾಸ್ ಕಟರ್‌ನಲ್ಲಿ ಅರ್ಧಕ್ಕೆ ಕೊಯ್ಸು ಅಂತ ಕೇಳಿದರು. ನಿಮ್ಮ ಬ್ಯಾರಲ್ ಕತೆ ಓದಿ ಹೇಳಿದೆ. ಅವರು ನಂಬಲಿಲ್ಲ. ಕೊನೆಗೆ ಅವರ ಎದುರಿಗೇ ಒಂದು ಕೊಡ ನೀರು ಸುರಿದೆ. ಏಳು ಕಡೆಯಿಂದ ಚಿಮ್ಮಿತು. ಗುಜರಿಗೇ ಹಾಕು ಅಂದರು.