ಅಪ್‌ಡೇಟ್: ತೋಟದಂಚಿನ ಬಿಳಿ ಅಣಬೆ ಯಾವುದು ಅಂತ ಗೊತ್ತಾಯ್ತು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಂಚಲ್ಲಿ, ಗೊಬ್ಬರ ಗುಂಡಿ ಹತ್ತಿರ ಎದ್ದ ಬಿಳಿ ಅಣಬೆ, ಗೆದ್ದಲ ಹುತ್ತದಲ್ಲಿ ಏಳುವ, ತಿನ್ನುವ ಹುತ್ತದ ಅಣಬೆಯೇ ಅಂತ ಇಲ್ಲಿ ಕೇಳಿದ್ದೆ. ಬುಡ ಅಗೆದು ನೋಡಿ, ಬೀಜಕದ (ಅಣಬೆ ಉದುರಿಸುವ ಬೀಜದಂಥ ಪುಡಿ) ಬಣ್ಣ ತೆಗೀರಿ ಅಂದಿದ್ರಿ. ಎರಡೂ ಆಯ್ತು. ಅದು ಹುತ್ತದ್ದಲ್ಲ, ವಿಷದ್ದು.

ಬೀಜಕದ ಬಣ್ಣ ನೋಡೋಕೆ ಬಲಿತ ಕೊಡೆಯ ಕಾಂಡ ಕತ್ತರಿಸಿ, ಮಡಿಕೆ (ಕೊಡೆಯ ಅಡಿಯ ತೆಳು ಪದರಗಳು) ಕೆಳಗಾಗಿ ಬಿಳಿ ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿ ರಾತ್ರಿ ಬಿಡಬೇಕು. ಬೆಳಿಗ್ಗೆ ಕಾಗದದ ಮೇಲೆ ಮಾಸಲು ಹಸಿರು ಪುಡಿ ಇತ್ತು: ಅಂದ್ರೆ ಇದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಅನ್ನೋ ವಿಷದ ಅಣಬೆ. ಕೊಡೆ ಮೇಲೆ ಕಂದು ಹೊಪ್ಪಳೆ, ಕಾಂಡಕ್ಕೆ ಮೇಲೆ ಕೆಳಗೆ ಸರಿಯುವ ಉಂಗುರ, ಬುಡ ದಪ್ಪ, ಬೇರಿಲ್ಲ. ಎಳೆಯದರಲ್ಲಿ ಮಡಿಕೆಯೂ ಬಿಳಿಯೇ, ಜನ ಮೋಸಹೋಗೋದು ಅಲ್ಲೇ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ. ಬೇಯಿಸಿದರೆ ವಿಷ ಹೋಗುತ್ತೆ ಅಂತ ನಂಬಬೇಡಿ.

ಹುತ್ತದ ಅಣಬೆಗೆ ಕೊಡೆಯ ನಡುವೆ ಚೂಪು ಮೊನೆ, ಬೀಜಕ ತಿಳಿ ಗುಲಾಬಿ. ಆದರೆ ಗುಲಾಬಿ ಒಂದೇ ಸಾಲದು, ಎಂಟೊಲೋಮಾ ಅನ್ನೋ ವಿಷದ ಅಣಬೆಗೂ ಅದೇ ಬಣ್ಣ. ಹುತ್ತದ ಅಣಬೆಯನ್ನ ಕಿತ್ತರೆ ಅದರ ಬೇರು ಮಣ್ಣಲ್ಲೇ ತುಂಡಾಗುತ್ತೆ, ಹಾಗಾಗಿ ಪಕ್ಕದಿಂದ ಹಾರೆ ಹಾಕಿ ನಿಧಾನ ಬಿಡಿಸಿ. ಬೇರು ಗೆದ್ದಲಿನ ಸ್ಪಂಜಿನಂಥ ಗೂಡಿಗೆ ಮುಟ್ಟಿದ್ದು ಕಣ್ಣಿಗೆ ಕಾಣಬೇಕು. ಬುಡದಲ್ಲಿ ಚೀಲದಂಥ ಪೊರೆ ಕಂಡರೆ ಅಮಾನಿಟಾ ಅನ್ನೋ ಅಣಬೆ ಇರಬಹುದು, ಅದು ಯಕೃತ್ತನ್ನೇ ಕೆಡಿಸಬಲ್ಲದು.

ವಿಷ ಇದೆಯಾ ಅಂತ ತಿಳಿಯೋಕೆ ಅಣಬೆ ಜೊತೆ ಅರಿಶಿನ, ಬೆಳ್ಳಿ ನಾಣ್ಯ ಹಾಕಿ ನೋಡಿ ಅಂದವರಿಗೆ: ದಯವಿಟ್ಟು ಅದನ್ನ ಯಾರಿಗೂ ಹೇಳಬೇಡಿ, ಆ ಪರೀಕ್ಷೆಯಿಂದ ವಿಷ ಗೊತ್ತಾಗೋದಿಲ್ಲ. ಗೊಬ್ಬರ ಗುಂಡಿಯ ಅಣಬೆಗಳನ್ನ ಮಕ್ಕಳ ಕೈಗೆ, ನಾಯಿ ಬಾಯಿಗೆ ಸಿಗದಂತೆ ಕಿತ್ತು ಹೂತಾಯ್ತು. ಮಳೆ ಹಿಡಿದರೆ ಅಲ್ಲೇ ಮತ್ತೆ ಏಳುತ್ತವೆ.