ದಾಳಿಯ ಮರುದಿನವೇ ಭದ್ರತಾ ಲೋಪದ ಬಗ್ಗೆ ಕೇಳುವುದು ತಪ್ಪೇ?

ಪ್ರಶ್ನೆ

ಭಯೋತ್ಪಾದಕ ದಾಳಿ ನಡೆದಾಗಲೆಲ್ಲ ಜನರ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಸಾಗುವುದನ್ನು ನಾನು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಮೊದಲ ಕೆಲವು ಗಂಟೆ ದಿಗ್ಭ್ರಮೆ, ಆಮೇಲೆ ಸಿಟ್ಟು, ಅದರ ಬೆನ್ನಿಗೇ ಯಾರು ಮಾಡಿರಬಹುದೆಂಬ ಊಹೆ. ಈಚೆಗೆ ಅಂಥ ಒಂದು ಸುದ್ದಿ ಬಂದ ಮರುದಿನ, ನಾನಿರುವ ವಾಟ್ಸಾಪ್ ಗುಂಪಿನಲ್ಲಿ "ಇಷ್ಟು ಜನ ಸೇರುವ ಜಾಗದಲ್ಲಿ ಕಾವಲು ಏಕಿರಲಿಲ್ಲ?" ಎಂದು ಒಂದು ಸಾಲು ಬರೆದೆ. ಐದು ನಿಮಿಷವೂ ಕಳೆದಿರಲಿಲ್ಲ, "ಹೆಣಗಳು ಇನ್ನೂ ಮನೆ ಸೇರಿಲ್ಲ, ಇದು ರಾಜಕೀಯ ಮಾಡುವ ಹೊತ್ತಲ್ಲ" ಎಂದು ಹಿರಿಯರೊಬ್ಬರು ಗದರಿದರು. ಅವರ ಮಾತಿಗೆ ಕೈಮುಗಿದ ಚಿಹ್ನೆಗಳು ಸಾಲುಗಟ್ಟಿದವು. ನನ್ನನ್ನು ಕಾಡುತ್ತಿರುವುದು ಗದರಿದ್ದಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಅದೇ ಬೆಳಿಗ್ಗೆ, ಅದೇ ಗುಂಪಿನಲ್ಲಿ, ಇಡೀ ಸಮುದಾಯವೊಂದನ್ನು ಹೊಣೆ ಮಾಡುವ ಸಂದೇಶಗಳು ಹತ್ತಾರು ಹರಿದಾಡಿದ್ದವು, ಅವುಗಳಿಗೆ ಮಾತ್ರ ಯಾರೂ ಹೊತ್ತುಗೊತ್ತು ನೋಡಲಿಲ್ಲ. ಹಾಗಾದರೆ ಆಳುವವರನ್ನು ಲೆಕ್ಕ ಕೇಳುವುದಕ್ಕೆ ಸರಿಯಾದ ಹೊತ್ತು ಯಾವುದು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಪ್ರತಿಕ್ರಿಯೆ 1

ತಮ್ಮ ಪ್ರಶ್ನೆ ನ್ಯಾಯವಾದದ್ದೇ, ಆದರೆ ಹೊತ್ತಿನ ವಿಚಾರದಲ್ಲಿ ನಾನು ಆ ಹಿರಿಯರ ಪಕ್ಷದವನು. ನಾರ್ವೆಯ ಉದಾಹರಣೆಯನ್ನೇ ನೋಡಿ. 2011ರ ಜುಲೈ 22ರಂದು ಓಸ್ಲೋದ ಸರ್ಕಾರಿ ಕಚೇರಿಗಳ ಬಳಿ ಬಾಂಬು ಸಿಡಿದು 8 ಜನ, ಅನಂತರ ಉಟೋಯಾ ದ್ವೀಪದ ಯುವಜನ ಶಿಬಿರದ ಮೇಲಿನ ಗುಂಡಿನ ದಾಳಿಯಲ್ಲಿ 69 ಜನ ಸತ್ತರು. ಇನ್ನಷ್ಟು ಪ್ರಜಾಪ್ರಭುತ್ವ, ಇನ್ನಷ್ಟು ಮುಕ್ತತೆ ಇದಕ್ಕೆ ತಮ್ಮ ಉತ್ತರವೆಂದು ಪ್ರಧಾನಿ ಯೆನ್ಸ್ ಸ್ಟೊಲ್ಟೆನ್‌ಬರ್ಗ್ ಹೇಳಿದರು, ಜನ ಗುಲಾಬಿ ಹಿಡಿದು ಬೀದಿಗೆ ಬಂದರು. ಮುಂದಿನ ತಿಂಗಳು ಅಲೆಕ್ಸಾಂಡ್ರಾ ಬೆಕ್ ಯೊರ್ವ್ ಎಂಬ ವಕೀಲೆಯ ನೇತೃತ್ವದಲ್ಲಿ ಸ್ವತಂತ್ರ ಆಯೋಗ ರಚನೆಯಾಯಿತು, ಅದು 2012ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಯಾರನ್ನೂ ಬಿಡಲಿಲ್ಲ.

ಅದರಲ್ಲಿರುವ ಒಂದು ಸಂಗತಿಯನ್ನು ನಾನು ಮರೆಯಲಾರೆ. ಬಾಂಬು ಸಿಡಿದ ಸ್ವಲ್ಪ ಹೊತ್ತಿಗೇ ದಾರಿಹೋಕರೊಬ್ಬರು ಪೊಲೀಸರಿಗೆ ಫೋನ್ ಮಾಡಿ, ಸಮವಸ್ತ್ರದಂಥ ಉಡುಪು ತೊಟ್ಟು ಪಿಸ್ತೂಲು ಹಿಡಿದವನೊಬ್ಬ ವ್ಯಾನ್ ಹತ್ತಿದನೆಂದು ತಿಳಿಸಿ, ಆ ವ್ಯಾನಿನ ನೋಂದಣಿ ಸಂಖ್ಯೆಯನ್ನೂ ಕೊಟ್ಟಿದ್ದರು. ಅದನ್ನು ಬರೆದುಕೊಂಡ ಹಳದಿ ಚೀಟಿ ಸುಮಾರು ಇಪ್ಪತ್ತು ನಿಮಿಷ ಮೇಜಿನ ಮೇಲೆ ಬಿದ್ದಿತ್ತು, ವ್ಯಾನು ದ್ವೀಪದ ಕಡೆಗೆ ಹೋಗುತ್ತಿತ್ತು. ದ್ವೀಪಕ್ಕೆ ಹೊರಟ ಪೊಲೀಸರ ದೋಣಿಯೂ ಭಾರ ಹೆಚ್ಚಾಗಿ ನೀರಿನ ನಡುವೆ ನಿಂತುಹೋಗಿತ್ತು. ಸರ್ಕಾರಿ ಕಚೇರಿಗಳ ಮೇಲಿನ ದಾಳಿಯನ್ನಂತೂ, ಆಗಲೇ ತೀರ್ಮಾನವಾಗಿದ್ದ ಭದ್ರತಾ ಕ್ರಮಗಳನ್ನು ಜಾರಿಗೆ ತಂದಿದ್ದರೆ ತಡೆಯಬಹುದಾಗಿತ್ತು ಎಂದೂ ಆಯೋಗ ಬರೆಯಿತು. ವರದಿ ಬಂದ ವಾರದಲ್ಲೇ ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಮೊದಲ ಎರಡು ದಿನಗಳ ಗದ್ದಲದಲ್ಲಿ ಆ ಚೀಟಿಯ ಸುಳಿವು ಯಾರಿಗೆ ಸಿಗುತ್ತಿತ್ತು, ಹೇಳಿ?

ಪ್ರತಿಕ್ರಿಯೆ 2

ಮೇಲಿನ ಮಿತ್ರರು ಹೇಳಿದ್ದು ಆಯೋಗ ರಚನೆಯಾಗುವ, ಆ ಆಯೋಗಕ್ಕೆ ಸತ್ಯ ಹೇಳುವ ದೇಶದ ಕಥೆ. ಸರ್ಕಾರವೇ ಮೊದಲ ದಿನ ತನಗೆ ಅನುಕೂಲವಾದ ಉತ್ತರ ಹಿಡಿದು ಕೂತರೆ ಒಂದು ವರ್ಷ ಕಾಯುವುದು ಹೇಗೆ? 2004ರ ಮಾರ್ಚ್ 11ರ ಬೆಳಿಗ್ಗೆ ಮ್ಯಾಡ್ರಿಡ್‌ನ ನಾಲ್ಕು ರೈಲುಗಳಲ್ಲಿ ಬಾಂಬುಗಳು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಮೂರೇ ದಿನಕ್ಕೆ ಚುನಾವಣೆ. ಇದು ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆಯಾದ ಇಟಿಎ ಕೃತ್ಯವೆಂದು ಪ್ರಧಾನಿ ಅಜ್ನಾರ್ ಅವರ ಸರ್ಕಾರ ಸಾರಿತು. ಸ್ಪೇನಿನ ಒತ್ತಾಯಕ್ಕೆ ಅದೇ ದಿನ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೂಡ ಇಟಿಎ ಹೆಸರನ್ನೇ ಹಾಕಿ ನಿರ್ಣಯ ಅಂಗೀಕರಿಸಿತು. ಅಷ್ಟರಲ್ಲಿ ಡಿಟೊನೇಟರುಗಳೂ ಕುರಾನ್ ಪಠಣದ ಕ್ಯಾಸೆಟ್ಟೂ ಇದ್ದ ವ್ಯಾನೊಂದು ಪೊಲೀಸರಿಗೆ ಸಿಕ್ಕಿತ್ತು, ಆದರೂ ಸರ್ಕಾರ ತನ್ನ ಪಟ್ಟು ಸಡಿಲಿಸಲಿಲ್ಲ.

ಮರುದಿನ ಲಕ್ಷಾಂತರ ಜನ ಮಳೆಯಲ್ಲಿ ನೆನೆಯುತ್ತ ಶೋಕ ಮೆರವಣಿಗೆ ಹೊರಟಾಗ, ಅದರೊಳಗಿಂದಲೇ "ಮಾಡಿದ್ದು ಯಾರು?" ಎಂಬ ಕೂಗು ಎದ್ದಿತು. 13ರ ಸಂಜೆ ಮೊಬೈಲ್ ಸಂದೇಶಗಳ ಮೂಲಕ ಸುದ್ದಿ ಹಬ್ಬಿ ಜನ ಆಡಳಿತ ಪಕ್ಷದ ಕಚೇರಿಯ ಮುಂದೆ ಸೇರಿದರು, 14ರಂದು ಆ ಪಕ್ಷ ಸೋತಿತು. ಶೋಕಿಸುತ್ತಿದ್ದವರೇ ಪ್ರಶ್ನಿಸಿದರು ಎಂಬುದನ್ನು ದಯವಿಟ್ಟು ಗಮನಿಸಿ.

ಪ್ರತಿಕ್ರಿಯೆ 3

2008ರ ನವೆಂಬರ್‌ನಲ್ಲಿ ಮುಂಬೈ ದಾಳಿ ನಡೆದಾಗ ನಾನು ಸುದ್ದಿವಾಹಿನಿಯೊಂದರ ಡೆಸ್ಕಿನಲ್ಲಿದ್ದೆ. ವಾಹಿನಿಯ ಹೆಸರು ಇಲ್ಲಿ ಅಗತ್ಯವಿಲ್ಲ. 28ರ ಬೆಳಿಗ್ಗೆ ನರಿಮನ್ ಹೌಸ್‌ನ ಮಾಳಿಗೆಗೆ ಹೆಲಿಕಾಪ್ಟರಿನಿಂದ ಕಮಾಂಡೋಗಳು ಹಗ್ಗ ಹಿಡಿದು ಇಳಿದದ್ದನ್ನು ದೇಶವೆಲ್ಲ ನೇರಪ್ರಸಾರದಲ್ಲಿ ನೋಡಿತು. ಆ ದೃಶ್ಯದ ಕೆಳಗೆ ಓಡಿದ ಸಾಲನ್ನು ಟೈಪ್ ಮಾಡಿದವನು ನಾನು. ಒಂದು ಅಕ್ಷರ ತಪ್ಪಿದ್ದಕ್ಕೆ ಬೈಸಿಕೊಂಡೆ, ಆ ಸಾಲು ಇರಲೇಬಾರದಿತ್ತು ಎಂದು ಅಲ್ಲಿದ್ದ ಒಬ್ಬರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಗಡಿಯಾಚೆ ಕುಳಿತು ಫೋನಿನಲ್ಲಿ ಆದೇಶ ಕೊಡುತ್ತಿದ್ದವರು ನಮ್ಮಂಥ ವಾಹಿನಿಗಳನ್ನೇ ನೋಡುತ್ತಿದ್ದರೆಂಬುದು ಆಮೇಲೆ ಬಯಲಾಯಿತು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು, 2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿಯಾಗಿ ಕಾರ್ಯಾಚರಣೆಯ ನೇರಪ್ರಸಾರವೇ ನಿಷಿದ್ಧವಾಯಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನಬಹುದು, ಆದರೂ ಹಾಕಿದ್ದು ಒಳ್ಳೆಯದೇ.

ಆದ್ದರಿಂದ ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ: ಗುಂಡಿನ ಸದ್ದು ನಿಲ್ಲುವವರೆಗೆ ಪಡೆಗಳು ಎಲ್ಲಿವೆ, ಏನು ಮಾಡುತ್ತಿವೆ ಎಂಬುದನ್ನು ಯಾರೂ ಕೇಳಬಾರದು, ಯಾರೂ ತೋರಿಸಬಾರದು. ನಿಂತ ಮೇಲೆ ಕೇಳಬಹುದು. ಮುಂಬೈಯಲ್ಲಿ ಕಾರ್ಯಾಚರಣೆ ಮುಗಿದದ್ದು 29ರಂದು, ಮರುದಿನವೇ ಕೇಂದ್ರ ಗೃಹ ಸಚಿವರು ರಾಜೀನಾಮೆ ಕೊಟ್ಟರು. ಜನ ಸುಮ್ಮನಿದ್ದಿದ್ದರೆ ಕೊಡುತ್ತಿದ್ದರೆಂದು ನನಗೆ ಅನಿಸುವುದಿಲ್ಲ. ಆದರೆ ಅವಸರಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿ ನಡೆದು ಆರೇಳು ವಾರಗಳಲ್ಲೇ ನಾಗರಿಕರ ಮೇಲಿನ ಕಣ್ಗಾವಲನ್ನು ಬಹಳ ವಿಸ್ತರಿಸಿದ ಪೇಟ್ರಿಯಟ್ ಕಾಯ್ದೆ ಬಂದಿತು, ಆ ಕುರಿತ ಚರ್ಚೆ ವರ್ಷಗಟ್ಟಲೆ ಆಮೇಲೆ ನಡೆಯಿತು. "ಇದು ಪ್ರಶ್ನೆ ಕೇಳುವ ಹೊತ್ತಲ್ಲ" ಎನ್ನುವವರು ಕಾನೂನು ಮಾಡುವುದಕ್ಕೆ ಮಾತ್ರ ಅದನ್ನೇ ತಕ್ಕ ಹೊತ್ತೆಂದು ತಿಳಿಯುವುದು ನನಗೆ ಸೋಜಿಗ.

ಪ್ರತಿಕ್ರಿಯೆ 4

ಪ್ರಶ್ನೆಯ ಎರಡನೆಯ ಅರ್ಧವನ್ನು ಯಾರೂ ಮುಟ್ಟಲಿಲ್ಲ. ನಾರ್ವೆಯ ಗುಲಾಬಿಗಳನ್ನು ನೆನೆದವರು ಅದೇ ದಿನದ ಮೊದಲ ಗಂಟೆಗಳನ್ನೂ ನೆನೆಯಬೇಕಿತ್ತು: ಹಲವು ದೇಶಗಳ ಪರಿಣತರು ಇದು ಇಸ್ಲಾಮೀ ಉಗ್ರರದೇ ಕೆಲಸವಿರಬೇಕೆಂದು ಊಹಿಸುತ್ತಿದ್ದರು, ಸಿಕ್ಕವನು ಮುಸ್ಲಿಮರನ್ನು ದ್ವೇಷಿಸುವ ನಾರ್ವೆಯವನೇ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಬಳಿಕ ರೆಡಿಟ್‌ನಲ್ಲಿ ಸಾವಿರಾರು ಜನ ಫೋಟೊಗಳನ್ನು ಹಿಗ್ಗಿಸಿ ನೋಡುತ್ತ ತಾವೇ ತನಿಖೆಗೆ ಇಳಿದರು, ಸ್ಫೋಟಕ್ಕೆ ಮುಂಚೆಯೇ ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನ ಹೆಸರು ಹಬ್ಬಿತು. ಮಗನನ್ನು ಹುಡುಕುವುದಕ್ಕೆಂದು ಮನೆಯವರು ತೆರೆದಿದ್ದ ಫೇಸ್‌ಬುಕ್ ಪುಟ ಬೈಗುಳಗಳಿಂದ ತುಂಬಿಹೋಯಿತು. ಕೆಲವೇ ದಿನಗಳಲ್ಲಿ ಆತನ ಶವ ನದಿಯಲ್ಲಿ ಸಿಕ್ಕಿತು. ಸ್ಫೋಟಕ್ಕೂ ಆತನಿಗೂ ಯಾವ ಸಂಬಂಧವೂ ಇರಲಿಲ್ಲ. ರೆಡಿಟ್ ಕ್ಷಮೆ ಕೇಳಿತು.

ಕಾವಲಿನ ಬಗ್ಗೆ ಕೇಳಿದ ಪ್ರಶ್ನೆ ತಪ್ಪಾದರೆ ಸರ್ಕಾರ ಒಂದು ಹೇಳಿಕೆ ಕೊಟ್ಟು ಸರಿಪಡಿಸಬಹುದು. ಇಂಥ ಮನೆಯವರಿಗೆ ಏನು ಕೊಟ್ಟು ಸರಿಪಡಿಸುತ್ತೀರಿ?

ಪ್ರಶ್ನೆ ಕೇಳಿದವರ ಉತ್ತರ

ಎಲ್ಲರಿಗೂ ಕೃತಜ್ಞತೆಗಳು. ಮೊದಲ ಪ್ರತಿಕ್ರಿಯೆಯ ಹಳದಿ ಚೀಟಿ ನನ್ನನ್ನು ತುಸು ಮೆತ್ತಗಾಗಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಸಾಲಿನಲ್ಲಿ ಉತ್ತರ ಬೇಕೆಂಬ ಆಸೆಗಿಂತ ಸಿಟ್ಟೇ ಹೆಚ್ಚಿತ್ತು, ಅಲ್ಲಿ ಕಾವಲು ಇರಲಿಲ್ಲವೆಂದು ನನಗೆ ಖಚಿತವಾಗಿ ತಿಳಿದಿರಲೂ ಇಲ್ಲ. ಆದರೂ ಅದನ್ನು ಅಳಿಸಿಲ್ಲ. ಸಮುದಾಯವನ್ನು ದೂಷಿಸಿದ ಸಂದೇಶಗಳಿಗೆ ಆ ದಿನವೇ ಆಕ್ಷೇಪಿಸದೆ ನನ್ನದೇ ಪ್ರಶ್ನೆಯನ್ನು ಸಮರ್ಥಿಸಿಕೊಳ್ಳುತ್ತ ಕೂತದ್ದು ನನ್ನ ತಪ್ಪು. ನಿನ್ನೆ ಬರೆದೆ, ಇಬ್ಬರು ಗುಂಪು ಬಿಟ್ಟು ಹೋದರು.

ಇನ್ನೊಂದು ವಿಷಯ. ನನ್ನನ್ನು ಗದರಿದ ಹಿರಿಯರು ಇಂದು ಬೆಳಿಗ್ಗೆ ನನಗೊಬ್ಬನಿಗೇ ಸಂದೇಶ ಕಳಿಸಿ, "ಅಲ್ಲಿ ನಿಜಕ್ಕೂ ಯಾರೂ ಇರಲಿಲ್ಲವೇ?" ಎಂದು ಕೇಳಿದ್ದಾರೆ. ಇದನ್ನೇ ಗುಂಪಿನಲ್ಲಿ ಕೇಳಬಹುದಲ್ಲವೇ ಎಂದು ವಿನಯದಿಂದ ಬರೆದಿದ್ದೇನೆ. ಓದಿದ್ದಾರೆ, ಇನ್ನೂ ಮರುತ್ತರ ಬಂದಿಲ್ಲ.