ಹಾಕಿ ಟೂರ್ನಿಗೆ ಯಾವ ಆ್ಯಪ್ ಒಳ್ಳೆಯದು? 46 ತಂಡ, ಒಂದೇ ಮೈದಾನ, ಜೊತೆಗೆ ಮಳೆ

ಮೂರ್ನಾಡಿನವ:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದಿಂದ ಏಪ್ರಿಲ್ ಕೊನೆಗೆ ಹಾಕಿ ಟೂರ್ನಿ ಇಟ್ಟುಕೊಂಡಿದ್ದೇವೆ. ಕಾರ್ಯದರ್ಶಿ ಕೆಲಸ ಈ ಸಲ ನನ್ನ ತಲೆಗೆ ಬಂದಿದೆ. ಪುರುಷರದ್ದು 46 ತಂಡ, ನಾಕೌಟ್. ಹೆಂಗಸರದ್ದು ಫೈವ್ಸ್, ಅಂದರೆ ತಂಡಕ್ಕೆ ಐದೇ ಜನ; 8 ತಂಡ, ಎರಡು ಪೂಲ್ (ಗುಂಪು) ಮಾಡಿ ಲೀಗ್. ಮೈದಾನ ಮಾತ್ರ ಒಂದೇ.

ಇಲ್ಲಿವರೆಗೆ ಫಿಕ್ಸ್ಚರ್ (ಯಾರಿಗೆ ಯಾರು, ಯಾವಾಗ ಅನ್ನೋ ಪಟ್ಟಿ) ಎಲ್ಲಾ ಡ್ರಾಯಿಂಗ್ ಶೀಟಿನಲ್ಲಿ, ಸ್ಕೆಚ್ ಪೆನ್ನಿನಲ್ಲಿ. ಅದರ ಫೋಟೋ ವಾಟ್ಸಾಪಿಗೆ. ಮಳೆ ಬಂದು ನಾಲ್ಕು ಮ್ಯಾಚ್ ಮುಂದಕ್ಕೆ ಹೋದರೆ ಇನ್ನೊಂದು ಶೀಟು, ಇನ್ನೊಂದು ಫೋಟೋ. ಹಳೇ ಫೋಟೋ ಮಾತ್ರ ಸಾಯೋದಿಲ್ಲ, ಗ್ರೂಪಿಂದ ಗ್ರೂಪಿಗೆ ಓಡಾಡ್ತಾನೇ ಇರುತ್ತದೆ. ಅದನ್ನೇ ನಂಬಿಕೊಂಡು ಕುಟ್ಟದಿಂದ ಒಂದು ಜೀಪ್ ಹುಡುಗರು ಬೆಳಿಗ್ಗೆ ಬೆಳಿಗ್ಗೆನೇ ಬಂದು ಕೂತಿರುತ್ತಾರೆ. ಅವರ ಮ್ಯಾಚ್ ನಾಳೆಗೆ ಹೋಗಿರುತ್ತದೆ. ಬೈಗುಳ ಕಾರ್ಯದರ್ಶಿಗೆ.

ಒಂದು ಕಂಪನಿಯವರು ವಿಡಿಯೋ ಕಾಲಿನಲ್ಲಿ ಡೆಮೊ ಕೊಟ್ಟರು. ಲೈವ್ ಸ್ಕೋರು, ಆಟಗಾರರ ಪ್ರೊಫೈಲು, ಸ್ಪಾನ್ಸರ್ ಬ್ಯಾನರು, ಏನುಂಟು ಏನಿಲ್ಲ! ಮಳೆ ಬಂದರೆ ಮ್ಯಾಚನ್ನು ನಾಳೆಗೆ ಹಾಕೋದು ಹೇಗೆ ಅಂತ ಕೇಳಿದೆ. "ಅದು ಮುಂದಿನ ಅಪ್‌ಡೇಟಿನಲ್ಲಿ ಬರುತ್ತೆ ಸರ್" ಅಂದರು. ಅಲ್ಲಿಗೆ ಮುಗೀತು.

ನಮಗೆ ಬೇಕಾದ್ದು ಒಂದು ಲಿಂಕ್. ಯಾರು ಯಾವಾಗ ತೆರೆದರೂ ಈಗಿನ ಫಿಕ್ಸ್ಚರೇ ಕಾಣಬೇಕು. 2024ರಲ್ಲಿ ನಾಪೋಕ್ಲಿನ ಕೊಡವ ಕುಟುಂಬ ಹಾಕಿಯಲ್ಲಿ 360 ತಂಡ ಆಡಿಸಿದರು, ನೀನು 46ಕ್ಕೇ ಒದ್ದಾಡ್ತೀಯಲ್ಲ ಅಂತ ಮನೆಯಲ್ಲೂ ನಗ್ತಾರೆ. ಬಳಸಿ ನೋಡಿದವರು ಹೇಳಿ.

ಪಿ.ಟಿ. ಮೇಷ್ಟ್ರು, ಗೋಣಿಕೊಪ್ಪ:
ನಗುವವರು ನಗಲಿ ಮಾರಾಯ. 1997ರಲ್ಲಿ ಕರಡದಲ್ಲಿ ಶುರುವಾದಾಗ ಅದೂ 60 ತಂಡದ್ದೇ.

ಮೊದಲು ಆ್ಯಪ್ ಬಿಡು, ಪೆನ್ನು ಹಿಡಿ. ನಾಕೌಟಿನಲ್ಲಿ ಒಂದು ಮ್ಯಾಚಿಗೆ ಒಂದು ತಂಡ ಮನೆಗೆ ಹೋಗುತ್ತದೆ, ಹಾಗಾಗಿ 46 ತಂಡಕ್ಕೆ 45 ಮ್ಯಾಚ್. ಹೆಂಗಸರದ್ದು ಪೂಲಿಗೆ 6ರಂತೆ 12, ಸೆಮಿ, ಫೈನಲ್ ಸೇರಿದರೆ 15. ಒಟ್ಟು 60. ಒಂದು ಮೈದಾನದಲ್ಲಿ ದಿನಕ್ಕೆ ಎಷ್ಟು ಆಡಿಸ್ತೀಯ ಅನ್ನೋದನ್ನು ನೀನೇ ತೀರ್ಮಾನ ಮಾಡಬೇಕು. ಮಳೆಗೆ ಅಂತ ಒಂದೆರಡು ದಿನ ಖಾಲಿ ಬಿಡು.

ಜಗಳ ಹುಟ್ಟೋದು ಬೈ ವಿಷಯದಲ್ಲಿ, ಅಂದರೆ ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತಿಗೆ ಹೋಗೋದು. 8, 16, 32, 64 ಅಂತ ದುಪ್ಪಟ್ಟಾಗೋ ಲೆಕ್ಕದಲ್ಲಿ ನಿನ್ನ ಚಾರ್ಟು 64ರದ್ದು. 18 ತಂಡಕ್ಕೆ ಬೈ, ಉಳಿದ 28 ತಂಡಕ್ಕೆ ಮೊದಲ ಸುತ್ತಿನಲ್ಲಿ 14 ಮ್ಯಾಚ್. ಚಲಾಂಜ್‌ನಂಥ, ನಾಕೌಟ್ ಚಾರ್ಟ್ ಮಾಡಿಕೊಡುವ ಸೈಟಿನಲ್ಲಿ ಪಟ್ಟಿಯ ಮೇಲಿರುವವರೇ ದೊಡ್ಡ ಸೀಡ್, ಅಂದರೆ ಬಲವಾದ ತಂಡ ಅಂತ ಲೆಕ್ಕ. ಬೈ ಹೋಗೋದು ಅವರಿಗೆ. ನೀನು ಎಂಟ್ರಿ ಬಂದ ಹಾಗೆ ಹೆಸರು ತುಂಬಿಸಿದರೆ ಮೊದಲು ಫೀಸು ಕಟ್ಟಿದವರಿಗೆಲ್ಲ ಬೈ. ಮೊದಲು ಕಟ್ಟೋದು ಯಾರು? ಸಂಘದವರ ತಂಡಗಳೇ, ಅಲ್ವಾ? ಊರಿನ ಬಾಯಿ ಮುಚ್ಚಿಸೋಕೆ ಆಗುತ್ತಾ?

ಪಟ್ಟಿಯನ್ನು ಕಲಸಿಬಿಡೋ ಷಫಲ್ ಬಟನ್ ಅದರಲ್ಲಿ ಇದೆ. ಆದರೆ ಫೋನಿನೊಳಗೆ ಆದ ಡ್ರಾ ನಮ್ಮವರು ಒಪ್ಪೋದಿಲ್ಲ. ಎಲ್ಲರ ಎದುರು ಚೀಟಿ ಎತ್ತಿಸು. ಚೀಟಿಯ ನಂಬರೇ ಸೀಡ್ ನಂಬರು. 1ರಿಂದ 18ರವರೆಗೆ ಬೈ. 19ಕ್ಕೆ 46, 20ಕ್ಕೆ 45, ಹೀಗೇ ಬಂದು ಕೊನೆಗೆ 32ಕ್ಕೆ 33. ಇದನ್ನು ಚೀಟಿ ಎತ್ತುವ ಮೊದಲೇ ಮೈಕಿನಲ್ಲಿ ಹೇಳಿಬಿಡು.

ಲೀಗಿನ ಪಾಯಿಂಟ್ ಟೇಬಲ್ಲಿಗೆ ಬೇರೆ ತಲೆನೋವು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ (ಎಫ್‌ಐಎಚ್) ನಿಯಮದಲ್ಲಿ ಪಾಯಿಂಟ್ ಸಮ ಆದರೆ ಮೊದಲು ನೋಡೋದು ಎಷ್ಟು ಮ್ಯಾಚ್ ಗೆದ್ದರು ಅಂತ. ಗೋಲ್ ಡಿಫರೆನ್ಸ್ (ಹೊಡೆದ ಗೋಲಿನಲ್ಲಿ ಬಿಟ್ಟ ಗೋಲು ಕಳೆದದ್ದು) ಆಮೇಲೆ. ಒಂದು ಗೆದ್ದು ಎರಡು ಸೋತ ತಂಡಕ್ಕೂ 3 ಪಾಯಿಂಟ್, ಮೂರೂ ಡ್ರಾ ಮಾಡಿದ ತಂಡಕ್ಕೂ 3. ಹಾಕಿಯಲ್ಲಿ ಗೆದ್ದವರು ಮೇಲೆ. ಫುಟ್ಬಾಲಿಗೆ ಅಂತ ಮಾಡಿದ ಆ್ಯಪಿನಲ್ಲಿ ಇದು ಉಲ್ಟಾ ಬರಬಹುದು. ಈ ಕ್ರಮ ಬದಲಿಸೋಕೆ ಬಿಡದ ಆ್ಯಪ್ ಬೇಡವೇ ಬೇಡ.

ಸೋಮವಾರಪೇಟೆ ಹುಡುಗಿ:
ಮೇಷ್ಟ್ರ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಬೆಂಗಳೂರಿನಲ್ಲಿ ನನ್ನ ಕೆಲಸವೇ ಸಾಫ್ಟ್‌ವೇರ್ ಟೆಸ್ಟಿಂಗ್.

ಅಣ್ಣ, ಡೆಮೊ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ. ಅಗ್ಗದ ಫೋನಿನಲ್ಲಿ, ಬಿಸಿಲಲ್ಲಿ ನಿಂತು ತೆರೆಯಿರಿ. ಪಕ್ಕಾ ನಮ್ಮ ಕಡೆಯ ಮನೆಹೆಸರುಗಳನ್ನೇ ಹಾಕಿ. ಚಿಕ್ಕ ಸ್ಕ್ರೀನಿನಲ್ಲಿ ಬಾಕ್ಸ್ ಸಾಲದೆ ಹೆಸರಿನ ಬಾಲ ಕತ್ತರಿಸುತ್ತದೆ. ಅಪ್ಪಚೆಟ್ಟೋಳಂಡ, ಅಪ್ಪನೆರವಂಡ ಎರಡೂ "ಅಪ್ಪ…" ಆಗಿಬಿಡುತ್ತವೆ. ಹೆಸರಿನ ಮುಂದೆ ಚೀಟಿ ನಂಬರ್ ಹಾಕಿದರೆ ಗೊಂದಲ ಇರೋದಿಲ್ಲ.

ಮ್ಯಾಚುಗಳ ಟೈಮನ್ನು ಬೆರಳಲ್ಲೇ ಎಳೆದು ಇನ್ನೊಂದು ದಿನಕ್ಕೆ ಬಿಡೋ ಸೌಲಭ್ಯ ಬೇಕಾದರೆ ಟೂರ್ನಿಫೈ ಅನ್ನೋ ಆ್ಯಪ್ ನೋಡಿ. ತಂಡ ಜಾಸ್ತಿ ಆದರೆ ದುಡ್ಡು ಕೇಳುತ್ತದೆ. ದುಡ್ಡು ಬೇಡ ಅಂದರೆ ಗೂಗಲ್ ಶೀಟ್ ಸಾಕು. ಎಲ್ಲರಿಗೂ ನೋಡೋಕೆ ಮಾತ್ರ ಬಿಡಿ, ತಿದ್ದೋದು ಇಬ್ಬರಿಗೆ ಮಾತ್ರ. ಮೂರನೆಯವರಿಗೆ, ಅಧ್ಯಕ್ಷರೇ ಕೇಳಿದರೂ, ಕೊಡಬೇಡಿ.

ಇನ್ನೊಂದು ವಿಷಯ. ಎಂಟ್ರಿ ಫಾರ್ಮಿನಲ್ಲಿ ಆಧಾರ್ ಫೋಟೋ ಸುಮ್ನೆ ಕೇಳಬೇಡಿ. ಕ್ಯಾಪ್ಟನ್ ಹೆಸರು, ಒಂದು ಫೋನ್ ನಂಬರ್ ಸಾಕಲ್ವಾ? ಹೆಣ್ಣುಮಕ್ಕಳ ನಂಬರುಗಳಂತೂ ಎಲ್ಲರಿಗೂ ಕಾಣೋ ಲಿಂಕಿನಲ್ಲಿ ಇರಲೇಬಾರದು.

ಮಡಿಕೇರಿ ಆಲ್‌ರೌಂಡರ್:
ಕ್ರಿಕೆಟ್ ಆಗಿದ್ದರೆ ಕ್ರಿಕ್‌ಹೀರೋಸ್ ಆ್ಯಪ್ ಅಂತ ಹೇಳಿ ಮಲಗ್ತಿದ್ದೆ. ನಮ್ಮ ಟೆನಿಸ್ ಬಾಲ್ ಮ್ಯಾಚಿಗೂ ಅದೇ. ಬಾಲ್ ಬಾಲಿಗೂ ಸ್ಕೋರ್, ನೆಟ್ ರನ್ ರೇಟ್ ಎಲ್ಲಾ ಅದೇ ಲೆಕ್ಕ ಹಾಕುತ್ತದೆ. ಹಾಕಿಗೆ ಆಗಲ್ಲ.

ಮೂರ್ನಾಡಿನವ:
ಮೇಷ್ಟ್ರೇ, ಬೈ ವಿಷಯ ನಮ್ಮಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಚೀಟಿ ಹಾಗೇ ಎತ್ತಿಸ್ತೀವಿ. ಚಾರ್ಟಿಗೆ ಚಲಾಂಜ್, ಟೈಮಿಗೂ ಹೆಂಗಸರ ಲೀಗಿಗೂ ಶೀಟು. ತಂಗಿ, ಆಧಾರ್ ಕಾಲಮ್ ಈಗಲೇ ತೆಗೆದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ನಮ್ಮ ಮೈದಾನದಲ್ಲಿ ಸಿಗ್ನಲ್ ಸಿಗೋದು ಮೇಲಿನ ಗೋಲ್‌ಪೋಸ್ಟ್ ಹಿಂದೆ ಮಾತ್ರ. ಸ್ಕೋರರ್ ಟೇಬಲ್ ಇರೋದು ಆ ಕಡೆ ಪೆಂಡಾಲಿನಲ್ಲಿ. ಏನು ಮಾಡಲಿ?

ಪಿ.ಟಿ. ಮೇಷ್ಟ್ರು, ಗೋಣಿಕೊಪ್ಪ:
ಟೇಬಲ್ಲಿನಲ್ಲಿ ಕಾಗದವೇ ಇರಲಿ. ಅಂಪೈರ್ ಸಹಿ ಆದಮೇಲೆ ಶೀಟಿನ ಫೋಟೋ ತೆಗೆದು ಒಬ್ಬ ಹುಡುಗ ಗೋಲ್‌ಪೋಸ್ಟ್ ಹಿಂದೆ ಹೋಗಿ ಕಳಿಸಲಿ. ಮನೆಯಲ್ಲಿ ವೈಫೈ ಇರುವ ಒಬ್ಬರು ಅದನ್ನು ನೋಡಿ ತುಂಬಿಸಲಿ. ಆಟ ನಡೀತಿರುವಾಗ ಲೈವ್ ಸ್ಕೋರ್ ಹಾಕೋಕೆ ಹೋಗಬೇಡಿ, ಅದಕ್ಕೆ ಮೈಕ್ ಇದೆ. ಮತ್ತೆ, ಎದುರಾಳಿ ಬಾರದೆ ವಾಕ್‌ಓವರ್ ಕೊಟ್ಟರೆ ಎಷ್ಟು ಗೋಲು ಅಂತ ಬರೀಬೇಕು ಅನ್ನೋದನ್ನು ಲೀಗ್ ಶುರು ಆಗುವ ಮೊದಲೇ ನಿಯಮದಲ್ಲಿ ಹಾಕಿಬಿಡು.